ಅಣೆಕಟ್ಟಿನಾಚೆಯ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಒಂದು ಫೋಟೋ ಮೇಜಿನ ಮೇಲೆ ಬರುತ್ತೆ. ಮೈಸೂರು ಪೇಟ, ಕೋಟು, ಟೈ. ಹಾರ ಹಾಕ್ತೀವಿ, ದೀಪ ಹಚ್ತೀವಿ. ಮುಖ್ಯ ಅತಿಥಿಗಳು ಮೋಂಬತ್ತಿ ಕಥೆ ಹೇಳ್ತಾರೆ, ಆಮೇಲೆ ರೈಲು ಹಳಿಯ ಕಥೆ ಹೇಳ್ತಾರೆ, ಕೊನೆಗೆ ಕನ್ನಂಬಾಡಿ ಕಟ್ಟೆಗೆ ಬಂದು ನಿಲ್ಲಿಸ್ತಾರೆ. ಚಪ್ಪಾಳೆ, ಕಾಫಿ, ಬಿಸ್ಕೆಟ್. ಮೂರು ವರ್ಷ ನಾನೂ ಚಪ್ಪಾಳೆ ತಟ್ಟಿದ್ದೇನೆ.

ಈ ವರ್ಷ ಆ ಫೋಟೋ ನೋಡಿದಾಗ ಬೇರೆ ಏನೋ ಅನ್ನಿಸಿತು. ಅದಕ್ಕೆ ಕಾರಣ ನನ್ನ ಮಿನಿ ಪ್ರಾಜೆಕ್ಟು. ಸಬ್ಜೆಕ್ಟ್ ಹೆಸರು ಬಿಸಿನೆಸ್ ಪ್ರೊಸೆಸ್ ಮಾಡೆಲಿಂಗ್. ಒಂದು ಸಂಸ್ಥೆಯಲ್ಲಿ ಒಂದು ಕೆಲಸ ಎಲ್ಲಿ ಶುರುವಾಗುತ್ತೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ, ಎಲ್ಲಿ ನಿಲ್ಲುತ್ತೆ, ಯಾಕೆ ನಿಲ್ಲುತ್ತೆ ಅನ್ನೋದನ್ನ ಚಿತ್ರವಾಗಿ ಬರೆದು ಲೆಕ್ಕ ಹಾಕೋ ವಿದ್ಯೆ. ನಾನು ಆರಿಸಿಕೊಂಡದ್ದು ನನ್ನದೇ ಸ್ಕಾಲರ್‌ಶಿಪ್ ಅರ್ಜಿಯ ಪ್ರಯಾಣ. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಫೋಟೋದಲ್ಲಿರುವವರ ಕಥೆ.

ನಂದಿ ಬೆಟ್ಟದ ಮಗ್ಗುಲಿನ ಹುಡುಗ

ನಮ್ಮೂರು ನಲ್ಲೂರು, ದೇವನಹಳ್ಳಿ ತಾಲ್ಲೂಕು. ಹಳೇ ಹುಣಸೆ ತೋಪಿನಿಂದ ಹೆಸರಾದ ಊರು. 2007ರಲ್ಲಿ ಆ ತೋಪನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ನಮ್ಮ ಕಡೆ ಎಲ್ಲಿಂದ ನೋಡಿದರೂ ನಂದಿ ಬೆಟ್ಟ ಕಾಣುತ್ತೆ. ಆ ಬೆಟ್ಟದ ಆಚೆ ಮಗ್ಗುಲಲ್ಲಿ ಮುದ್ದೇನಹಳ್ಳಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು ಅಲ್ಲಿ, 1861ರಲ್ಲಿ. ಅಪ್ಪ ಶ್ರೀನಿವಾಸ ಶಾಸ್ತ್ರಿಗಳು, ಅಮ್ಮ ವೆಂಕಟಲಕ್ಷ್ಮಮ್ಮ. ನಮ್ಮ ಕಡೆ ನೆಲ ಹೇಗಿದೆ ಅಂತ ಗೊತ್ತಲ್ವಾ? ಹೊಳೆ ಇಲ್ಲ, ಕಾಲುವೆ ಇಲ್ಲ. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ. ನೀರಿನ ಲೆಕ್ಕ ಹಾಕಿ ಹೆಸರು ಮಾಡಿದವರು ಇಂಥ ಒಣ ಸೀಮೆಯಲ್ಲಿ ಹುಟ್ಟಿದ್ದು ನನಗೆ ಆಕಸ್ಮಿಕ ಅನ್ನಿಸೋದಿಲ್ಲ.

ಚಿಕ್ಕ ವಯಸ್ಸಲ್ಲೇ ಅಪ್ಪ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಓದಿ, ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದ ಹುಡುಗ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದ. 1881ರಲ್ಲಿ ಬಿ.ಎ. ಮುಗಿಯಿತು. ಮುಂದಕ್ಕೆ ಇಂಜಿನಿಯರಿಂಗ್ ಓದಬೇಕು, ಕೈಯಲ್ಲಿ ದುಡ್ಡಿಲ್ಲ. ಆಗ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ಸೈನ್ಸ್ ಕಾಲೇಜಿಗೆ ಕಳಿಸಿತು. ಈ ಒಂದು ವಾಕ್ಯವನ್ನ ನೆನಪಿಟ್ಟುಕೊಳ್ಳಿ. 1883ರ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾಗಿ ಪಾಸಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದರು, ನಾಸಿಕ್ ಕಡೆ.

ಅಲ್ಲಿಂದ ಮುಂದೆ ಸುಮಾರು 24 ವರ್ಷ ಅವರ ಕೆಲಸವೆಲ್ಲ ನೀರಿನದೇ. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ಕೆಸರು ನೀರನ್ನ ಶುದ್ಧ ಮಾಡಿ ಕೊಡಬೇಕಿತ್ತು, ಫಿಲ್ಟರ್ ಕಟ್ಟೋಕೆ ಹಣ ಸಾಲದು. ನದಿಯ ತಳದಲ್ಲೇ ಬಾವಿ ತೋಡಿಸಿ, ಮರಳಿನಲ್ಲಿ ಸೋಸಿಕೊಂಡು ಬಂದ ನೀರನ್ನೇ ಎತ್ತಿಸಿದರು. ಮರಳು ಮಾಡೋ ಕೆಲಸಕ್ಕೆ ಇನ್ನೊಂದು ಯಂತ್ರ ಯಾಕೆ ಅನ್ನೋ ಲೆಕ್ಕ.

ತಾನೇ ತೆರೆಯುವ ಬಾಗಿಲು

ಪ್ರೊಸೆಸ್ ಮಾಡೆಲಿಂಗ್ ಓದುವವರು ಖಡಕ್‌ವಾಸ್ಲಾ ಗೇಟುಗಳ ಬಗ್ಗೆ ಒಂದು ಸಲ ಯೋಚನೆ ಮಾಡಲೇಬೇಕು. ಪುಣೆ ಹತ್ತಿರದ ಆ ಜಲಾಶಯಕ್ಕೆ ಆಗ ಲೇಕ್ ಫೈಫ್ ಅಂತ ಹೆಸರು. ಮಳೆಗಾಲದಲ್ಲಿ ಕೋಡಿ ಮೇಲಿಂದ ನೀರು ಸುಮ್ಮನೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಕಟ್ಟೆಯನ್ನ ಎತ್ತರಿಸಿದರೆ ಖರ್ಚು, ಅಪಾಯ ಬೇರೆ. ಕೋಡಿಯ ಮೇಲೆ ಗೇಟು ಇಟ್ಟರೆ ನೀರು ನಿಲ್ಲುತ್ತೆ, ನಿಜ. ಆದರೆ ನಡುರಾತ್ರಿ ಪ್ರವಾಹ ಬಂದಾಗ ಗೇಟು ಎತ್ತೋರು ಯಾರು? ಕಾವಲುಗಾರ ಮಲಗಿದ್ದರೆ? ಹಗ್ಗ ತುಂಡಾಗಿದ್ದರೆ?

ವಿಶ್ವೇಶ್ವರಯ್ಯನವರು ಮಾಡಿದ್ದು ಏನು ಅಂದ್ರೆ, ಕಾವಲುಗಾರನ ತೀರ್ಮಾನವನ್ನೇ ಆ ಪ್ರಕ್ರಿಯೆಯಿಂದ ತೆಗೆದರು. ನೀರು ಗೊತ್ತು ಮಾಡಿದ ಮಟ್ಟ ಮುಟ್ಟಿದರೆ ಸಮತೂಕ ತಪ್ಪಿ ಗೇಟುಗಳು ತಾವೇ ತೆರೆದುಕೊಳ್ಳುತ್ತವೆ; ಮಟ್ಟ ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. ನೀರೇ ಸುದ್ದಿ, ನೀರೇ ಆಳು. 1903ರಲ್ಲಿ ಇವು ಕೆಲಸಕ್ಕೆ ಬಂದವು. ಕಟ್ಟೆಗೆ ಕಲ್ಲು ಸೇರಿಸದೆ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಅದಕ್ಕೆ ಪೇಟೆಂಟು ತೆಗೆದುಕೊಂಡರು, ಆದರೆ ತಾನೇ ಸರ್ಕಾರದ ನೌಕರ ಅಂತ ರಾಯಧನ ಬೇಡ ಅಂದರು. ಅದೇ ಮಾದರಿ ಗ್ವಾಲಿಯರಿಗೆ ಹೋಯಿತು, ಕನ್ನಂಬಾಡಿಗೂ ಬಂತು.

ಇವತ್ತು ನಾವು ಪೆಟ್ರಿ ನೆಟ್ ಅಂತ ಓದ್ತೀವಲ್ಲ, ಅದರಲ್ಲಿ ವೃತ್ತ ಅಂದರೆ ಸ್ಥಿತಿ, ಪಟ್ಟಿ ಅಂದರೆ ಘಟನೆ. ಬೇಕಾದ ವೃತ್ತಗಳಲ್ಲೆಲ್ಲ ಟೋಕನ್ ಬಂದು ಕೂತರೆ ಮಾತ್ರ ಘಟನೆ ನಡೆಯುತ್ತೆ. ಆ ಗೇಟಿನ ಕೆಲಸವನ್ನ ಎರಡೇ ವೃತ್ತ, ಎರಡೇ ಪಟ್ಟಿಯಲ್ಲಿ ಬರೆಯಬಹುದು. ನಾನು ಬರೆದು ನೋಡಿದೆ. ಗೇಟು ಮುಚ್ಚಿದೆ, ನೀರು ಮಟ್ಟ ಮುಟ್ಟಿತು, ಗೇಟು ತೆರೆದಿದೆ, ನೀರು ಇಳಿಯಿತು, ಗೇಟು ಮುಚ್ಚಿದೆ. ಎಲ್ಲೂ ಸಹಿ ಬೇಕಿಲ್ಲ. ಜರ್ಮನಿಯ ಕಾರ್ಲ್ ಆಡಂ ಪೆಟ್ರಿ ಆ ಗಣಿತವನ್ನ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಕೊಟ್ಟದ್ದು 1962ರಲ್ಲಿ. ವಿಶ್ವೇಶ್ವರಯ್ಯನವರು ತೀರಿಕೊಂಡದ್ದೂ ಅದೇ ವರ್ಷ ಏಪ್ರಿಲ್‌ನಲ್ಲಿ.

ನೀರಿನ ಸರದಿ

ಗೇಟಿನಲ್ಲಿ ಮನುಷ್ಯರನ್ನ ಬದಿಗಿಡಬಹುದು. ಕಾಲುವೆಯಲ್ಲಿ ಹಾಗಾಗಲ್ಲ. ನೀರಾ ಕಾಲುವೆಯ ಕೆಳಗಿನ ರೈತರು ಕಬ್ಬಿಗೆ ಬಿದ್ದಿದ್ದರು. ಪ್ರತಿ ಹಂಗಾಮಿಗೂ ಅರ್ಜಿ ಹಾಕಬೇಕು, ಮಂಜೂರಿಗೆ ಕಾಯಬೇಕು. ನೀರು ಸಿಕ್ಕಿದವನು ಮುಂದೆ ಸಿಗುತ್ತೋ ಇಲ್ಲವೋ ಅಂತ ಬೇಕಾದ್ದಕ್ಕಿಂತ ಹೆಚ್ಚು ಹರಿಸಿಕೊಳ್ಳುತ್ತಿದ್ದ. ಅವನ ಹೊಲ ಜೌಗಾಗುತ್ತಿತ್ತು, ಕೆಳಗಿನವನ ಹೊಲ ಒಣಗುತ್ತಿತ್ತು. ಇದನ್ನ ಬಗೆಹರಿಸೋಕೆ ಅವರು ಬ್ಲಾಕ್ ಪದ್ಧತಿ ಅಂತ ತಂದರು. ಜಮೀನನ್ನ ಬ್ಲಾಕುಗಳಾಗಿ ಗುರುತಿಸೋದು. ಅದರಲ್ಲಿ ಒಂದು ಪಾಲಿಗೆ ಮಾತ್ರ ಹೆಚ್ಚು ನೀರಿನ ಬೆಳೆ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ. ವರ್ಷದಿಂದ ವರ್ಷಕ್ಕೆ ಸರದಿ ಬದಲಿಸೋದು. ಅದಕ್ಕೆ ಬದಲಾಗಿ ಕೆಲವು ವರ್ಷಗಳ ಮಟ್ಟಿಗೆ ನೀರು ಬಂದೇ ಬರುತ್ತೆ ಅನ್ನೋ ಭರವಸೆ ಕೊಡೋದು.

ಮೊದಮೊದಲು ರೈತರು ಒಪ್ಪಲಿಲ್ಲ. ಸರ್ಕಾರದವರು ಹೊಸ ಕಟ್ಟಳೆ ತಂದರೆ ಯಾರಿಗೆ ನಂಬಿಕೆ? ಅವರು ಊರೂರು ಸುತ್ತಿ ವಿವರಿಸಬೇಕಾಯಿತು. ಈ ಪದ್ಧತಿ ಹಿಂದಿನ ಸೂಕ್ಷ್ಮ ಏನು ಅಂದ್ರೆ, ಸಮಸ್ಯೆಯ ಬುಡ ನೀರಿನ ಕೊರತೆಗಿಂತ ಹೆಚ್ಚಾಗಿ ಅನುಮಾನದಲ್ಲಿತ್ತು. ನಾಳೆ ಸಿಗುತ್ತೆ ಅಂತ ಗ್ಯಾರಂಟಿ ಇದ್ದರೆ ಇವತ್ತು ಯಾರೂ ದೋಚಿಕೊಳ್ಳಲ್ಲ. ನಮ್ಮ ಪಠ್ಯದಲ್ಲಿ ಇದಕ್ಕೆ ರಿಸೋರ್ಸ್ ಶೆಡ್ಯೂಲಿಂಗ್ ಅಂತಾರೆ. ಮುಂದೆ ಮಂಡ್ಯ ಸೀಮೆಗೆ ಕನ್ನಂಬಾಡಿ ನೀರು ಬಂದಾಗ ಇದೇ ವಿಚಾರ ಅಲ್ಲಿಗೂ ಬಂತು.

ದಿವಾನರ ಕಚೇರಿ

1908ರಲ್ಲಿ ಅವರು ಮುಂಬಯಿ ಸರ್ಕಾರದ ಕೆಲಸವನ್ನ ತಾವಾಗೇ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಹೈದರಾಬಾದನ್ನ ಕೊಚ್ಚಿಹಾಕಿತು. ನಿಜಾಮರ ಸರ್ಕಾರ ಕರೆಸಿಕೊಂಡಿತು. ಊರಿನ ಮೇಲ್ಗಡೆ ನೀರು ತಡೆಯೋ ಜಲಾಶಯಗಳು ಬೇಕು ಅಂತ ಅವರು ಕೊಟ್ಟ ಸಲಹೆಯಿಂದಲೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದವು. 1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ ತವರಿಗೆ ಬಂದರು. 1912ರ ನವೆಂಬರ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನ ದಿವಾನರನ್ನಾಗಿ ಮಾಡಿದರು.

ಆಮೇಲಿನ ಆರು ವರ್ಷದ ಪಟ್ಟಿ ಎಲ್ಲರಿಗೂ ಬಾಯಿಪಾಠ. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತು ಗಂಧದೆಣ್ಣೆ ಕಾರ್ಖಾನೆ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಅಂದ್ರೆ ಇವತ್ತಿನ ಯುವಿಸಿಇ, 1918ರಲ್ಲಿ ಸಾಬೂನು ಕಾರ್ಖಾನೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇಷ್ಟೆಲ್ಲ ಆರು ವರ್ಷದಲ್ಲಿ ಹೇಗೆ ಆಯಿತು ಅನ್ನೋ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರ ಇಲ್ಲ.

ಉತ್ತರದ ಒಂದು ತುದಿ 1911ರಲ್ಲಿ ಸಿಗುತ್ತೆ. ಅವರು ಇನ್ನೂ ಮುಖ್ಯ ಇಂಜಿನಿಯರ್ ಆಗಿದ್ದಾಗಲೇ ಅವರ ಒತ್ತಾಸೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಶಿಕ್ಷಣ, ಬೇಸಾಯ, ಕೈಗಾರಿಕೆ ಮತ್ತು ವ್ಯಾಪಾರ, ಹೀಗೆ ಮೂರು ಸಮಿತಿ. ಸರ್ಕಾರಿ ಅಧಿಕಾರಿಗಳ ಜೊತೆ ಹೊರಗಿನವರೂ ಕೂರುತ್ತಿದ್ದರು. ಕೆಲಸ ಜಿಲ್ಲೆ, ತಾಲ್ಲೂಕು ಮಟ್ಟದ ಸಮಿತಿಗಳಿಗೂ ಇಳಿಯಿತು. ಒಂದು ಯೋಚನೆ ಮೇಲಿಂದ ತಾಲ್ಲೂಕಿಗೆ ಹೋಗಿ, ಅಲ್ಲಿನ ಅಂಕಿಅಂಶ ಹೊತ್ತುಕೊಂಡು ಮತ್ತೆ ಮೇಲಕ್ಕೆ ಬರುವ ದಾರಿ ಅದು. ಅದೇ 1911ರಲ್ಲಿ ಅಮೆರಿಕದ ಟೇಲರ್ ಕಾರ್ಖಾನೆ ಕೆಲಸವನ್ನ ವೈಜ್ಞಾನಿಕವಾಗಿ ನಡೆಸೋದು ಹೇಗೆ ಅಂತ ಪುಸ್ತಕ ತಂದರು. ಗಿಲ್‌ಬ್ರೆತ್ ದಂಪತಿ ಪ್ರೊಸೆಸ್ ಚಾರ್ಟನ್ನ ಇಂಜಿನಿಯರುಗಳ ಮುಂದಿಟ್ಟದ್ದು ಅದಾಗಿ ಹತ್ತು ವರ್ಷಕ್ಕೆ, 1921ರಲ್ಲಿ.

ಇನ್ನೊಂದು ತುದಿ ದಕ್ಷತಾ ತಪಾಸಣೆ. ಕಚೇರಿಗಳಲ್ಲಿ ಲೆಕ್ಕದ ಆಡಿಟ್ ಮೊದಲಿಂದಲೂ ಇತ್ತು: ಹಣ ಎಲ್ಲಿ ಹೋಯಿತು ಅಂತ ನೋಡೋದು. ವಿಶ್ವೇಶ್ವರಯ್ಯನವರು ಕೆಲಸಕ್ಕೂ ಆಡಿಟ್ ಬೇಕು ಅಂದರು: ಕಡತ ಎಲ್ಲಿ ಹೋಯಿತು, ಸಮಯ ಎಲ್ಲಿ ಹೋಯಿತು. ಬಾಕಿ ಎಷ್ಟು, ಯಾವ ಕೆಲಸಕ್ಕೆ ಯಾವ ನಿಯಮ, ಯಾರ ಜವಾಬ್ದಾರಿ. ನಿಯಮ ಗುಮಾಸ್ತನ ತಲೆಯಲ್ಲಿ ಇದ್ದರೆ ಅದು ಅವನ ಆಸ್ತಿ, ಪುಸ್ತಕದಲ್ಲಿದ್ದರೆ ಎಲ್ಲರದು. ನಾವು ಇವತ್ತು ಇವೆಂಟ್ ಲಾಗ್ ಅಂತ ಕರೆಯೋದು ಇದರ ಮೊಮ್ಮಗನೇ: ಯಾವ ಕೇಸು, ಯಾವ ಹೆಜ್ಜೆ, ಎಷ್ಟು ಹೊತ್ತಿಗೆ. ಈ ಮೂರು ಕಾಲಂ ಇದ್ದರೆ ಸಾಕು, ಸಂಸ್ಥೆ ತಾನು ನಡೆಯುತ್ತೇನೆ ಅಂತ ಹೇಳಿಕೊಳ್ಳೋ ದಾರಿಗೂ ನಿಜವಾಗಿ ನಡೆಯೋ ದಾರಿಗೂ ಎಷ್ಟು ದೂರ ಅಂತ ಗೊತ್ತಾಗುತ್ತೆ.

1918

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವೂ ಸೆಪ್ಟೆಂಬರ್ 15ರ ಭಾಷಣವಾಗುತ್ತಿತ್ತು.

ಆಗ ಮೈಸೂರಿನ ದೊಡ್ಡ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನವು ಜನಸಂಖ್ಯೆಯಲ್ಲಿ ಬಹಳ ಸಣ್ಣ ಪಾಲಿನವರಾಗಿದ್ದ ಬ್ರಾಹ್ಮಣರ ಕೈಯಲ್ಲಿದ್ದವು. ಉಳಿದ ಸಮುದಾಯಗಳವರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ಮಹಾರಾಜರ ಹತ್ತಿರ ಹೋದರು. ನಾಲ್ವಡಿಯವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆ ಇಲ್ಲದಂತೆ ಹಿಂದುಳಿದ ಸಮುದಾಯದವರು ಬರಬೇಕು ಅಂತ ಆ ಸಮಿತಿ ಮಾರನೇ ವರ್ಷ ಶಿಫಾರಸು ಮಾಡಿತು. ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ. ಯೋಗ್ಯತೆ ಒಂದೇ ಅಳತೆ ಆಗಬೇಕು, ಹಿಂದುಳಿದವರಿಗೆ ಶಿಕ್ಷಣ ಹೆಚ್ಚಿಸೋಣ, ಹುದ್ದೆಯಲ್ಲಿ ಪಾಲು ಮಾಡಿದರೆ ಆಡಳಿತ ಸೊರಗುತ್ತೆ ಅನ್ನೋದು ಅವರ ನಿಲುವು. ಆ ಕಾಲದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದವರು, ಶಾಲೆಗಳನ್ನ ಹೆಚ್ಚಿಸಿದವರು ಅವರೇ, ಆದ್ದರಿಂದ ಅದು ಬಾಯಿಮಾತು ಆಗಿರಲಿಲ್ಲ. ಆದರೂ ಮಹಾರಾಜರು ತಮ್ಮ ತೀರ್ಮಾನದಿಂದ ಹಿಂದೆ ಸರಿಯಲಿಲ್ಲ. 1918ರ ಕೊನೆಗೆ ದಿವಾನರು ಹುದ್ದೆ ಬಿಟ್ಟರು. ಕಾಂತರಾಜ ಅರಸರು ಆ ಜಾಗಕ್ಕೆ ಬಂದರು. 1921ರಲ್ಲಿ ಸರ್ಕಾರಿ ಆದೇಶವೂ ಆಯಿತು.

ನಾನು ಇದನ್ನ ಮೊದಲು ಓದಿದ್ದು ಕಾಲೇಜು ಲೈಬ್ರರಿಯಲ್ಲಿ, ಮೀಸಲಾತಿಯಲ್ಲಿ ಸಿಕ್ಕ ಸೀಟಿನ ಐಡಿ ಕಾರ್ಡ್ ಕೊರಳಲ್ಲಿ ಹಾಕಿಕೊಂಡು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಪಕ್ಕದ ತಾಲ್ಲೂಕಿನ ಮಹಾಪುರುಷರು, ನಮ್ಮ ಅಪ್ಪ ಕೈಮುಗಿಯೋ ಫೋಟೋ. ಅವರ ಅಳತೆಯಲ್ಲಿ ನಾನು ಎಲ್ಲಿ ನಿಲ್ಲುತ್ತಿದ್ದೆ?

ಕೋಪಕ್ಕೆ ಬದಲು ನನ್ನ ಸಬ್ಜೆಕ್ಟೇ ನನಗೆ ಸಹಾಯಕ್ಕೆ ಬಂತು. ಪ್ರೊಸೆಸ್ ಮಾಡೆಲ್ ಬರೆಯೋಕೆ ಕೂತಾಗ ಮೊದಲ ತೀರ್ಮಾನ ಅಂದರೆ, ಶುರು ಅನ್ನೋ ವೃತ್ತವನ್ನ ಎಲ್ಲಿ ಇಡೋದು ಅನ್ನೋದು. ಪರೀಕ್ಷಾ ಹಾಲಿನ ಬಾಗಿಲಲ್ಲಿ ಇಟ್ಟರೆ ಎಲ್ಲರೂ ಒಂದೇ ಗೆರೆಯಲ್ಲಿ ನಿಂತಿರೋ ಹಾಗೆ ಕಾಣುತ್ತೆ. ಮನೆ ಬಾಗಿಲಲ್ಲಿ ಇಟ್ಟರೆ ಒಬ್ಬನಿಗೆ ಹತ್ತು ಹೆಜ್ಜೆ, ಇನ್ನೊಬ್ಬನಿಗೆ ನೂರು. ಚಿತ್ರ ಎರಡೂ ಸರಿಯೇ. ಏನನ್ನ ಹೊರಗೆ ಬಿಟ್ಟಿದ್ದೀವಿ ಅನ್ನೋದು ಬೇರೆ. ನೀರಾ ಕಾಲುವೆಯಲ್ಲಿ ಕೆಳಗಿನ ಹೊಲದವನಿಗೆ ನೀರು ಮುಟ್ಟಬೇಕಾದರೆ ಮೇಲಿನವನಿಗೆ ಸರದಿ ಹಾಕಬೇಕು ಅಂತ ಕಂಡುಕೊಂಡವರು ಅವರೇ ಅಲ್ವಾ? ಅದೇ ಕಣ್ಣು 1918ರಲ್ಲಿ ಕಚೇರಿಯ ಕಡೆ ಯಾಕೆ ತಿರುಗಲಿಲ್ಲ ಅಂತ ನನಗೆ ಇವತ್ತಿಗೂ ಬೇಸರ ಇದೆ. ಅವರ ಪ್ರಾಮಾಣಿಕತೆ ಬಗ್ಗೆ ಮಾತ್ರ ಅನುಮಾನ ಇಲ್ಲ. ನಂಬಿದ್ದಕ್ಕಾಗಿ ರಾಜ್ಯದ ಅತಿ ದೊಡ್ಡ ಕುರ್ಚಿ ಬಿಟ್ಟು ಎದ್ದು ಹೋದವರು ಅವರು.

ಭದ್ರಾವತಿ ಮತ್ತು ಆಮೇಲೆ

ಅವರನ್ನ ಮೈಸೂರು ಮತ್ತೆ ಕರೆಯಬೇಕಾಗಿ ಬಂತು. ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದಾಗ ಯುದ್ಧಕಾಲದ ಬೆಲೆ ಇಳಿದುಹೋಗಿತ್ತು. ಅದಿರು ಕೆಮ್ಮಣ್ಣುಗುಂಡಿಯದು, ಕಲ್ಲಿದ್ದಲು ಇಲ್ಲದ ಕಾರಣ ಮಲೆನಾಡಿನ ಕಾಡಿನ ಇದ್ದಿಲು. ಮಾಡಿದಷ್ಟೂ ನಷ್ಟ. ಮುಚ್ಚಿಬಿಡಿ ಅನ್ನೋರು ಬಹಳ ಜನ ಇದ್ದರು. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ಮಂಡಳಿ ಅಧ್ಯಕ್ಷರಾಗಿ ಕೂತು ವಿಭಾಗ ವಿಭಾಗಕ್ಕೂ ಖರ್ಚಿನ ಲೆಕ್ಕ ಕೇಳಿದರು. ಹೊರದೇಶದ ತಜ್ಞರ ಜಾಗಕ್ಕೆ ಇಲ್ಲಿಯವರನ್ನೇ ತಯಾರು ಮಾಡಿದರು. ಇದ್ದಿಲು ಮಾಡುವಾಗ ಸಿಗೋ ಮರದ ಆಲ್ಕೋಹಾಲ್, ಟಾರುಗಳೂ ಮಾರಾಟಕ್ಕೆ ಬಂದವು. ಕಾರ್ಖಾನೆ ಉಳಿಯಿತು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನ ಅವರು ಮುಟ್ಟಲಿಲ್ಲ. ಕೈಕೆಲಸ ಕಲಿಸೋ ಸಂಸ್ಥೆಗೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದು, ಇವತ್ತಿನ ಎಸ್‌ಜೆಪಿ ಪಾಲಿಟೆಕ್ನಿಕ್. ಅಲ್ಲಿ ಡಿಪ್ಲೊಮಾ ಮಾಡಿದ ಹುಡುಗರು ಯಾರು, ಯಾವ ಮನೆಗಳಿಂದ ಬಂದವರು ಅಂತ ನಮಗೆಲ್ಲ ಗೊತ್ತು. 1918ರಲ್ಲಿ ಅವರು ಒಪ್ಪದೇ ಹೋದ ಜನರ ಮಕ್ಕಳಿಗೆ ಅವರ ದುಡ್ಡು ಬೇರೆ ದಾರಿಯಿಂದ ಮುಟ್ಟಿತು.

1934ರಲ್ಲಿ ಇಡೀ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು, ಆಗಲೇ ಎಪ್ಪತ್ತು ದಾಟಿತ್ತು. 1955ರಲ್ಲಿ ಭಾರತ ರತ್ನ. 1962ರಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ನನ್ನ ಅರ್ಜಿ

ಈಗ ನನ್ನ ಪ್ರಾಜೆಕ್ಟಿಗೆ ಬರ್ತೀನಿ. ಎರಡನೇ ವರ್ಷದ ಸ್ಕಾಲರ್‌ಶಿಪ್ ಹಣ ಬರೋದು ತಡವಾಗಿ ಅಮ್ಮನ ಓಲೆ ಅಡ ಇಟ್ಟು ಫೀಸು ಕಟ್ಟಿದ್ದೆವು. ಯಾವ ಕಚೇರಿ ಅಂತ ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ. ಅಪ್ಪ ಕೂಲಿ ಬಿಟ್ಟು ಐದು ಸಲ ಹೋಗಿ ಬಂದಿದ್ದರು. ಪ್ರತಿ ಸಲವೂ ನಾಳೆ ಬನ್ನಿ.

ಮಾಡೆಲ್ ಬರೆಯೋಕೆ ನನ್ನ ಹತ್ತಿರ ಇದ್ದದ್ದು ಅಪ್ಪನ ನೆನಪು, ಎಸ್ಸೆಮ್ಮೆಸ್ಸುಗಳು, ರಸೀದಿಗಳು. ಅವನ್ನೇ ಲಾಗ್ ಅಂತ ಇಟ್ಟುಕೊಂಡೆ. ಚೌಕ, ಬಾಣ, ವಜ್ರಾಕೃತಿ ಜೋಡಿಸಿದಾಗ 11 ಹೆಜ್ಜೆ ಬಂತು. ನಿಜವಾದ ಕೆಲಸಕ್ಕೆ, ಅಂದ್ರೆ ಯಾರಾದರೂ ಕಡತ ಬಿಚ್ಚಿ ನೋಡಿ ಬರೆಯೋದಕ್ಕೆ, ಒಟ್ಟು ಸೇರಿಸಿದರೆ ಒಂದು ಗಂಟೆಯೂ ಆಗಲ್ಲ. ಉಳಿದ ನಾಲ್ಕು ತಿಂಗಳು ಬಾಣಗಳ ಮೇಲೆ ಕಳೆದಿತ್ತು. ಅದರಲ್ಲೂ ಒಂದೇ ಬಾಣದ ಮೇಲೆ ಮೂರು ತಿಂಗಳು: ಆದಾಯ ಪ್ರಮಾಣಪತ್ರದ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ. ಈ ಕಚೇರಿ ಆ ಕಚೇರಿಯ ತಿದ್ದುಪಡಿಗೆ ಕಾಯುತ್ತಿತ್ತು, ಆ ಕಚೇರಿ ಈ ಕಚೇರಿಯ ಪತ್ರಕ್ಕೆ ಕಾಯುತ್ತಿತ್ತು. ಡೆಡ್‌ಲಾಕ್ ಅಂತ ಕ್ಲಾಸಿನಲ್ಲಿ ಓದಿದ್ದೆ. ಅದರ ಒಳಗೇ ಅಪ್ಪ ಐದು ಸಲ ನಿಂತಿದ್ದರು ಅಂತ ಆಗ ಗೊತ್ತಾಯಿತು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ, ಲಂಚ ಕೇಳಿದವರೂ ಇಲ್ಲ. ಆದರೂ ಓಲೆ ಹೋಯಿತು.

ಚಿತ್ರವನ್ನ ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, ಆ ಬಾಣದ ಮೇಲೆ ಬೆರಳಿಟ್ಟು, ತಾನು ನಿಂತಿದ್ದ ಕಿಟಕಿ ಇದೇನಾ ಅಂತ ಕೇಳಿದರು. ಹೌದು ಅಂದೆ. ಹಾಗಾದರೆ ಅದನ್ನ ಅಲ್ಲಿಯವರಿಗೂ ತೋರಿಸು ಅಂದರು.

1881ರಲ್ಲಿ ಮುದ್ದೇನಹಳ್ಳಿಯ ಹುಡುಗನ ವಿದ್ಯಾರ್ಥಿವೇತನದ ಕಡತ ಎಲ್ಲೋ ಒಂದು ಮೇಜಿನ ಮೇಲೆ ಮೂರು ತಿಂಗಳು ಕೂತಿದ್ದರೆ ಏನಾಗುತ್ತಿತ್ತು ಅಂತ ಆಗಾಗ ಯೋಚಿಸ್ತೀನಿ. ಗೇಟೂ ಇಲ್ಲ, ಕಟ್ಟೆಯೂ ಇಲ್ಲ, ನಾವು ಹಾರ ಹಾಕೋ ಫೋಟೋನೂ ಇಲ್ಲ. ಅದು ಸರಿಯಾದ ಹೊತ್ತಿಗೆ ಮುಂದಕ್ಕೆ ಹೋಯಿತು. ಅದನ್ನ ಮುಂದಕ್ಕೆ ಕಳಿಸಿದ ಗುಮಾಸ್ತನ ಫೋಟೋ ಮಾತ್ರ ಯಾವ ಗೋಡೆಯಲ್ಲೂ ಇಲ್ಲ.

ಮುಂದಿನ ಸೆಪ್ಟೆಂಬರ್ 15ಕ್ಕೆ ಸೆಮಿನಾರ್ ಹಾಲಿನಲ್ಲಿ ಹಾರದ ಪಕ್ಕ ಒಂದು ಬೋರ್ಡ್ ಇಡೋಣ ಅಂತ ಕ್ಲಬ್ಬಿನಲ್ಲಿ ಕೇಳಿದ್ದೇನೆ. ನಿಮ್ಮ ನಿಮ್ಮ ಊರಿನ ಒಂದೊಂದು ಕೆಲಸ ಆರಿಸಿಕೊಳ್ಳಿ: ಪಹಣಿ ತಿದ್ದುಪಡಿ, ಹಾಲಿನ ಡೈರಿ ಬಿಲ್ಲು, ಪಿಂಚಣಿ, ಏನಾದರೂ. ಚೌಕ, ಬಾಣ ಬರೆದು ತನ್ನಿ. ಶುರು ಅನ್ನೋ ವೃತ್ತವನ್ನ ಮಾತ್ರ ಕಚೇರಿ ಬಾಗಿಲಲ್ಲಿ ಇಡಬೇಡಿ, ಮನೆ ಬಾಗಿಲಲ್ಲಿ ಇಡಿ. ನನ್ನ ಚಿತ್ರದ ಒಂದು ಪ್ರತಿಯನ್ನ ಆ ಕಚೇರಿಗೆ ಕೊಟ್ಟು ಬಂದಿದ್ದೇನೆ. ಸ್ವೀಕೃತಿ ಸೀಲು ಹಾಕಿ ಇಟ್ಟುಕೊಂಡಿದ್ದಾರೆ. ತಾರೀಕು ಬರೆದುಕೊಂಡಿದ್ದೇನೆ.